ಕಾಕ್‌ಪಿಟ್ ಅಂಚಿಗೆ ಮೊದಲು ಅರ, ಆಮೇಲೆ ಫೋಮ್

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುವವರು ಸಾವಿರಾರು ಮಂದಿ ಇದ್ದಾರೆ. ಆರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ಹೆಸರಿನ ಕಿಟ್‌ಗಳಿಂದಲೇ (ಜೋಡಿಸಿ ಕಟ್ಟುವ ಬಿಡಿಭಾಗಗಳ ಗಂಟು) 11 ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ನಾನು ಕಟ್ಟುತ್ತಿರುವುದೂ ಆರ್‌ವಿ-7. ಅಕ್ಕಪಕ್ಕ ಇಬ್ಬರು ಕೂರುವ ಅಲ್ಯೂಮಿನಿಯಂ ವಿಮಾನ. ಕಳೆದ ಚಳಿಗಾಲದಲ್ಲಿ ಪೆಡಲ್‌ಗೆ ಬೋಲ್ಟ್ ಹಾಕಲು ಇನ್‌ಸ್ಟ್ರುಮೆಂಟ್ ಪ್ಯಾನೆಲ್ ಕೆಳಗೆ ತೂರಿಕೊಂಡಿದ್ದೆ. ಹೊರಗೆ ಬಂದು ನೋಡಿದರೆ ಮೊಣಕಾಲ ಕೆಳಗೆ ಪ್ಯಾಂಟ್ ಸೀಳಿತ್ತು, ರಕ್ತ ಇಳಿಯುತ್ತಿತ್ತು. ತಗಡಿನ ಚೂಪು ಅಂಚು ತಗುಲಿದ್ದೇ ಗೊತ್ತಾಗಿರಲಿಲ್ಲ. ನಿಂತ ವಿಮಾನದಲ್ಲೇ ಹೀಗಾದರೆ, ಗಾಳಿಯ ಕುಲುಕಾಟದಲ್ಲೋ ಒರಟು ಲ್ಯಾಂಡಿಂಗ್‌ನಲ್ಲೋ ಏನಾದೀತು ಎಂದು ಅವತ್ತು ನಿಜಕ್ಕೂ ಭಯವಾಯಿತು.

ಇದು ಹೊಸ ಭಯವೇನಲ್ಲ. 1917ರಲ್ಲಿ ಹ್ಯೂ ಡಿಹೇವನ್ ಎಂಬ ಅಮೆರಿಕದ ಯುವಕ ಬ್ರಿಟನ್ನಿನ ಅಂದಿನ ವಾಯುದಳವಾದ ರಾಯಲ್ ಫ್ಲೈಯಿಂಗ್ ಕೋರ್‌ನಲ್ಲಿ ಹಾರಾಟ ಕಲಿಯುತ್ತಿದ್ದಾಗ ಆಕಾಶದಲ್ಲಿ ಎರಡು ವಿಮಾನ ಡಿಕ್ಕಿಯಾದವು. ಅವರು ಬದುಕಿದರು, ಆದರೆ ಹೊಟ್ಟೆಯೊಳಗೆ ಭಾರಿ ಗಾಯವಾಗಿತ್ತು. ಸೀಟ್ ಬೆಲ್ಟಿನ ಚೂಪು ಬಕಲ್ಲೇ ಒಳಕ್ಕೆ ಒತ್ತಿ ಹಾಗಾಯಿತು ಎಂಬ ನಿರ್ಧಾರಕ್ಕೆ ಅವರು ಬಂದರು. 1942ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಪಘಾತದ ಗಾಯಗಳ ಬಗ್ಗೆ ಸಂಶೋಧನೆ ಶುರುಮಾಡಿದವರು ಇವರೇ. ಬಿದ್ದ ವಿಮಾನದೊಳಗೆ ಮೈಗೆ ಏನು ತಗಲುತ್ತದೆ ಎಂಬುದನ್ನು ಅವರು ಒಂದೊಂದಾಗಿ ಹುಡುಕಿದರು. ಕಾಕ್‌ಪಿಟ್‌ನ ಚೂಪು ಅಂಚುಗಳನ್ನು ಮೊಂಡು ಮಾಡಿ ಮುಚ್ಚುವ ನಮ್ಮ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ಕಣ್ಣು ಮುಚ್ಚಿ ಹುಡುಕಿ

ವೈರಿಂಗ್ ಮಾಡುವ ಮೊದಲೇ ಈ ಕೆಲಸಕ್ಕೆ ಕೈಹಾಕಿ. ಅಲ್ಯೂಮಿನಿಯಂ ಪುಡಿ ಪ್ಯಾನೆಲ್ ಹಿಂದಿನ ವೈರುಗಳ ನಡುವೆ ಸೇರಿದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು.

ಹಳೆಯ ನೈಲಾನ್ ಕಾಲುಚೀಲವೊಂದನ್ನು ಕೈಗೆ ಹಾಕಿಕೊಳ್ಳಿ. ಎಲ್ಲ ಅಂಚುಗಳ ಮೇಲೂ ಮೆಲ್ಲಗೆ ಸವರಿ. ಕಣ್ಣಿಗೆ ಕಾಣದ ಸಿಬಿರಿಗೂ ನೈಲಾನ್ ಎಳೆ ಸಿಕ್ಕಿಕೊಳ್ಳುತ್ತದೆ. ಹತ್ತಿಯ ಉಂಡೆಯೂ ಆಗುತ್ತದೆ. ಆಮೇಲೆ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಫ್ಯೂಯಲ್ ವಾಲ್ವ್, ಫ್ಲಾಪ್ ಸ್ವಿಚ್, ಬೆಲ್ಟ್, ಕೆನೊಪಿ (ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಹಿಡಿಕೆ ಎಲ್ಲಕ್ಕೂ ಕೈಚಾಚಿ. ಕೈ ಎಲ್ಲೆಲ್ಲಿ ತಗಲಿತೋ ಅಲ್ಲೆಲ್ಲ ಕೆಂಪು ಟೇಪ್ ಅಂಟಿಸಿ. ಸೀಸದ ಪೆನ್ಸಿಲ್‌ನಿಂದ ಮಾತ್ರ ಗುರುತು ಹಾಕಬೇಡಿ. ಅದರ ಗ್ರಾಫೈಟ್‌ನಿಂದ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ. ಮಾರ್ಕರ್ ಪೆನ್ ಸಾಕು.

ತಲೆಯ ದಾರಿಯನ್ನೂ ನೋಡಬೇಕು. ಭುಜದ ಬೆಲ್ಟ್ ಬಿಗಿಯಾಗಿದ್ದರೂ ದೊಡ್ಡ ಹೊಡೆತಕ್ಕೆ ಅದು ಹಿಗ್ಗುತ್ತದೆ, ಕತ್ತು ಮುಂದಕ್ಕೆ ಬಾಗುತ್ತದೆ. ಬೆಲ್ಟ್ ಸ್ವಲ್ಪ ಸಡಿಲಿಸಿ ನಿಧಾನಕ್ಕೆ ಮುಂದೆ ಬಾಗಿ, ಪಕ್ಕಕ್ಕೂ ವಾಲಿ. ಹಣೆ ಎಲ್ಲಿಗೆ ಬರುತ್ತದೆ ಎಂದು ಇನ್ನೊಬ್ಬರು ನೋಡಲಿ. ಸಾಮಾನ್ಯವಾಗಿ ಅದು ಪ್ಯಾನೆಲ್ ಮೇಲೆ ಬಿಸಿಲು ತಡೆಯಲು ಚಾಚಿದ ಗ್ಲೇರ್‌ಶೀಲ್ಡ್ ತುದಿ ಅಥವಾ ಕೆನೊಪಿ ಚೌಕಟ್ಟು ಆಗಿರುತ್ತದೆ.

ಅಂಚನ್ನು ಉಜ್ಜಿ

ಈ ಹಂತಕ್ಕೆ ಅವಸರ ಬೇಡ. ಚೂಪು ಅಂಚಿನ ಮೇಲೆ ಸುಮ್ನೆ ಫೋಮ್ ಅಂಟಿಸಿದರೆ ಅದು ಮುಚ್ಚಿಹೋಗುತ್ತದೆ, ಅಷ್ಟೇ. ಏಟು ಬಿದ್ದ ಕ್ಷಣದಲ್ಲಿ ಫೋಮ್ ಚಪ್ಪಟೆಯಾಗುತ್ತದೆ, ಒಳಗಿನ ಅಲಗು ಮೈಗೆ ನಾಟುತ್ತದೆ. ಕಾಕ್‌ಪಿಟ್‌ನ ತಗಡುಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರ್ ಆಸುಪಾಸಿನವು, ಕೆಲವು ಅದಕ್ಕಿಂತಲೂ ತೆಳು. ಅಂದರೆ ಅಡುಗೆಮನೆ ಚಾಕುವಿನ ಬೆನ್ನಿನಷ್ಟೂ ದಪ್ಪವಿಲ್ಲ.

ನುಣುಪು ಹಲ್ಲಿನ ಅರ ತೆಗೆದುಕೊಳ್ಳಿ. ಅಂಚಿನ ಉದ್ದಕ್ಕೇ ಎಳೆಯಿರಿ, ಅಡ್ಡಕ್ಕೆ ಬೇಡ. ಅಡ್ಡ ಗೀರು ಉಳಿದರೆ ಇಂಜಿನ್ ನಡುಕಕ್ಕೆ ಅಲ್ಲಿಂದಲೇ ಬಿರುಕು ಹುಟ್ಟಬಹುದು. ಹಾಗಾಗಿ ಇದು ಚರ್ಮ ಉಳಿಸುವ ಕೆಲಸ ಮಾತ್ರವಲ್ಲ, ವಿಮಾನದ ಆಯಸ್ಸಿನ ಕೆಲಸವೂ ಹೌದು. ಎರಡೂ ಮೂಲೆ ಸವೆದು ಅಂಚು ದುಂಡಗಾದ ಮೇಲೆ 400 ನಂಬರಿನ ಎಮರಿ ಕಾಗದ ಹಿಡಿಯಿರಿ. ಕೊನೆಗೆ ಸ್ಕಾಚ್‌ಬ್ರೈಟ್. ಪಾತ್ರೆ ತಿಕ್ಕುವ ಹಸಿರು ತುಂಡಿನ ಜಾತಿಯದೇ, ಆದರೆ ವರ್ಕ್‌ಶಾಪ್‌ನವರು ಬಳಸುವ ಮರೂನ್ ಬಣ್ಣದ್ದು. ಸ್ಟೀಲ್ ವೂಲ್ ಬೇಡವೇ ಬೇಡ. ಅದರ ಕಬ್ಬಿಣದ ಎಳೆಗಳು ಅಲ್ಯೂಮಿನಿಯಂನಲ್ಲಿ ಹೂತುಕೊಂಡು ತುಕ್ಕು ತರುತ್ತವೆ.

ಒಳಮೂಲೆ ವಿ ಆಕಾರದಲ್ಲಿದ್ದರೆ ಅದನ್ನು ದುಂಡಗಿನ ಅರದಿಂದ ಬಿಡಿಸಿ. ತೂತಿನ ಬಾಯಿಗೆ ಸಿಬಿರು ತೆಗೆಯುವ ಡಿಬರಿಂಗ್ ಬಿಟ್ ಇಟ್ಟು ಕೈಯಲ್ಲೇ ಎರಡು ಮೂರು ಸುತ್ತು ತಿರುಗಿಸಿ. ಜಾಸ್ತಿ ತಿರುಗಿಸಿದರೆ ತೂತಿನ ಬಾಯಿ ಅಗಲವಾಗಿ ತಗಡು ಸೊರಗುತ್ತದೆ.

ಆರ್‌ವಿ ಹೊದಿಕೆಯ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುತ್ತದೆ. ತುಕ್ಕಿನಿಂದ ಕಾಯುವುದು ಅದೇ. ಕತ್ತರಿಸಿದ ಅಂಚಿನಲ್ಲಿ ಆ ಪದರ ಇರುವುದಿಲ್ಲ. ಆದ್ದರಿಂದ ಉಜ್ಜಿ, ಒರೆಸಿ, ಅಂಚಿಗೆ ಪ್ರೈಮರ್ ಬಳಿಯಿರಿ.

ತಗಡಿನಷ್ಟೇ ಮೋಸದವು ಇನ್ನೂ ಕೆಲವಿವೆ. ತಗಡು ಜೋಡಿಸುವ ಪಾಪ್ ರಿವೆಟ್‌ನ ಮುರಿದ ಕಡ್ಡಿ, ನಟ್ ಬಿಚ್ಚಿಕೊಳ್ಳದಂತೆ ತೂರಿಸಿ ಮಡಚುವ ಕಾಟರ್ ಪಿನ್ನಿನ ತುದಿ, ಬೋಲ್ಟ್ ಸಡಿಲಾಗದಂತೆ ಬಿಗಿಯುವ ಸೇಫ್ಟಿ ವೈರಿನ ಜುಟ್ಟು, ಕಾಲಿನ ಕಡೆಗೆ ಚಾಚಿದ ಉದ್ದ ಸ್ಕ್ರೂ. ಎಲ್ಲಕ್ಕಿಂತ ಕೆಟ್ಟದ್ದು ವೈರು ಕಟ್ಟಿ ಓರೆಯಾಗಿ ಕತ್ತರಿಸಿದ ಜಿಪ್ ಟೈ. ಪ್ಲಾಸ್ಟಿಕ್ ಅಲ್ವಾ ಎಂದು ಬಿಡಬೇಡಿ, ಬ್ಲೇಡಿನ ಹಾಗೆ ಕೊಯ್ಯುತ್ತದೆ. ಟೈನ ತಲೆಯ ಮಟ್ಟಕ್ಕೇ, ಬುಡಕ್ಕೆ ಸಮವಾಗಿ ಕೊಯ್ಯುವ ಫ್ಲಶ್ ಕಟರ್‌ನಲ್ಲಿ ಕತ್ತರಿಸಿ. ಮೇಣ ಹಚ್ಚಿದ ದಾರದಲ್ಲಿ ವೈರು ಕಟ್ಟಿದರೆ ಈ ತೊಂದರೆಯೇ ಇಲ್ಲ.

ಕೆನೊಪಿಯ ಅಕ್ರಿಲಿಕ್ ಅಂಚನ್ನೂ ಹಂತಹಂತವಾಗಿ ನುಣ್ಣಗೆ ಮಾಡಿ. ಅಲ್ಲೊಂದು ಗೀರು ಉಳಿದರೂ ಚಳಿಯಲ್ಲಿ ಅದು ಸೀಳಾಗಿ ಬೆಳೆಯಬಹುದು. ಅಸಿಟೋನ್, ಥಿನ್ನರ್ ಹತ್ತಿರ ತರಬೇಡಿ.

ಫೈಬರ್‌ಗ್ಲಾಸ್ ವಿಮಾನವಾದರೆ ಮಾಸ್ಕ್ ಹಾಕಿ, ನೀರು ಬಳಸಿ ಉಜ್ಜಿ, ಬಿಚ್ಚಿಕೊಂಡ ಗಾಜಿನ ಎಳೆಗಳು ಕೂರುವಂತೆ ಅಂಚಿಗೆ ರೆಸಿನ್ ಬಳಿಯಿರಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1980ರ ದಶಕದಲ್ಲಿ ಹಾರಿಸಿದ ಪುಟ್ಟ ಕ್ಯಾನಾರ್ಡ್ (ಮೂತಿಯ ಬಳಿ ಚಿಕ್ಕ ರೆಕ್ಕೆಯಿರುವ) ವಿಮಾನ ಈ ಜಾತಿಯದು. ಮನೆಯಲ್ಲಿ ಕಟ್ಟುವವರಿಗಾಗಿ ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರೂಟಾನ್ ರೂಪಿಸಿದ ಲಾಂಗ್-ಈಜಿಯೇ ಅದಕ್ಕೆ ಆಧಾರ.

ಈಗ ಹೊದಿಕೆ

ಪ್ಯಾನೆಲ್ ಕೆಳಂಚಿಗೆ ನಾನು ಹಾಕಿದ್ದು ಉದ್ದಕ್ಕೆ ಸೀಳಿದ ಗಟ್ಟಿ ಪ್ಲಾಸ್ಟಿಕ್ ಕೊಳವೆ. ಅಂಚಿನ ಮೇಲೆ ಕೂರಿಸಿ ಅಂಟಿಸಿದೆ. ಏಟಿನ ಭಾರ ಒಂದು ಗೆರೆಯ ಮೇಲೆ ಬೀಳುವ ಬದಲು ಅಗಲಕ್ಕೆ ಹರಡುತ್ತದೆ. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಟ್ರಿಮ್ ಕೂಡ ಚೆನ್ನಾಗಿ ಹಿಡಿಯುತ್ತದೆ. ಆದರೆ ಅನೇಕ ಟ್ರಿಮ್‌ಗಳ ಒಳಗೆ ಉಕ್ಕಿನ ಪಟ್ಟಿ ಇರುತ್ತದೆ, ಅದು ಹತ್ತಿರದ ದಿಕ್ಸೂಚಿಯನ್ನು ತಪ್ಪು ತೋರುವಂತೆ ಮಾಡುತ್ತದೆ. ಕೊಳ್ಳುವಾಗ ಮ್ಯಾಗ್ನೆಟ್ ತಾಗಿಸಿ ನೋಡಿ.

ತಲೆ ತಗಲುವ ಜಾಗಕ್ಕೆ ಕುಶನ್ನಿನ ಮೆತ್ತನೆ ಸ್ಪಂಜು ಕೆಲಸಕ್ಕೆ ಬರುವುದಿಲ್ಲ. ಬೆರಳಿನಿಂದ ಒತ್ತಿದರೆ ತಳ ಸಿಗುವ ಫೋಮ್, ತಲೆಗೆ ಇಲ್ಲದ ಹಾಗೇ. ನಿಧಾನಕ್ಕೆ ಕುಗ್ಗಿ ನಿಧಾನಕ್ಕೆ ಏಳುವ ಫೋಮ್ ಬೇಕು. ಇಂದು ಮೆಮೊರಿ ಫೋಮ್ ಎಂದು ಹಾಸಿಗೆ ಅಂಗಡಿಯಲ್ಲಿ ಮಾರುವುದು ಇದರದೇ ಸಂತಾನ. 1966ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಇದನ್ನು ವಿಮಾನದ ಸೀಟಿಗೆಂದೇ ರೂಪಿಸಿದರು. ಹಾಸಿಗೆಯದನ್ನೇ ಕತ್ತರಿಸಿ ತರಬೇಡಿ, ವಿಮಾನಕ್ಕೆಂದು ಮಾರುವ ಗಟ್ಟಿ ದರ್ಜೆಯದನ್ನೇ ತನ್ನಿ.

ಬೆಂಕಿಯ ಪರೀಕ್ಷೆ ಬಿಡಬೇಡಿ. ಪ್ರಯಾಣಿಕ ವಿಮಾನದ ಪ್ಯಾಡಿಂಗ್‌ಗೆ ಅಮೆರಿಕದ ನಿಯಮವೊಂದಿದೆ. ನೆಟ್ಟಗೆ ತೂಗುಹಾಕಿದ ತುಂಡಿಗೆ 12 ಸೆಕೆಂಡ್ ಜ್ವಾಲೆ ಹಿಡಿದು ತೆಗೆಯುತ್ತಾರೆ. ಸರಾಸರಿ 15 ಸೆಕೆಂಡಿನೊಳಗೆ ಅದು ತಾನೇ ಆರಬೇಕು. ನಾನು ಬಯಲಿನಲ್ಲಿ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು, ಫೋಮ್, ಬಟ್ಟೆ, ಅಂಟು ಮೂರನ್ನೂ ಸೇರಿಸಿದ ತುಂಡನ್ನೇ ಸುಟ್ಟು ನೋಡಿದೆ. ಬೇರೆಬೇರೆಯಾಗಿ ಆರುವ ವಸ್ತುಗಳು ಒಟ್ಟಿಗೆ ಉರಿಯುವುದುಂಟು. ಮೊದಲು ತಂದ ಫೋಮ್ ಉರಿಯುತ್ತಾ ತೊಟ್ಟಿಕ್ಕಿತು, ಅದನ್ನು ಎಸೆದೆ.

ಮೇಲ್ಹೊದಿಕೆಗೆ ಚರ್ಮ ಅಥವಾ ಉಣ್ಣೆ ಒಳ್ಳೆಯದು. ಗ್ಲೇರ್‌ಶೀಲ್ಡ್ ಮೇಲೆ ಹೊಳಪಿಲ್ಲದ ಕಪ್ಪು ಬಣ್ಣವೇ ಇರಲಿ, ಇಲ್ಲದಿದ್ದರೆ ಅದರ ಬಿಂಬ ಕೆನೊಪಿಯಲ್ಲಿ ಕಂಡು ಎದುರಿನ ವಿಮಾನ ಮರೆಯಾಗುತ್ತದೆ. ಅಂಟನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ರಿವೆಟ್ ಸಾಲಿನ ಮೇಲೆ ಮಾತ್ರ ವೆಲ್ಕ್ರೋ ಬಳಸಿ. ವರ್ಷದ ತಪಾಸಣೆಯಲ್ಲಿ ಅದನ್ನು ಎತ್ತಿ ಕೆಳಗಿನ ತುಕ್ಕು ನೋಡಬೇಕು.

ಎಲ್ಲ ಮುಗಿದ ಮೇಲೆ ವಿಮಾನ ನಡೆಸುವ ಸ್ಟಿಕ್ಕನ್ನು ನಾಲ್ಕೂ ಕಡೆ ಕೊನೆಯವರೆಗೆ ತಿರುಗಿಸಿ. ಪಕ್ಕದಲ್ಲಿ ದಪ್ಪನೆಯ ಒಬ್ಬರನ್ನು ಕೂರಿಸಿಯೂ ತಿರುಗಿಸಿ. ಪ್ಯಾಡ್ ಎಲ್ಲೂ ತಡೆಯಬಾರದು, ಕೆನೊಪಿ ಮುಚ್ಚಬೇಕು, ಬೆಲ್ಟ್ ಎಲ್ಲೂ ಉಜ್ಜಬಾರದು. ಪ್ಯಾಡ್‌ಗಳನ್ನು ಅಂಟಿಸುವ ಮೊದಲೇ ತೂಗಿಟ್ಟು, ಆ ಗ್ರಾಂಗಳನ್ನು ತೂಕದ ಲೆಕ್ಕಕ್ಕೆ ಸೇರಿಸಿ.

ಕೊನೆಯದಾಗಿ ವಿಮಾನದ ಪರಿಚಯವೇ ಇಲ್ಲದವರನ್ನು ಹತ್ತಿಸಿ ಇಳಿಸಿ. ನಾವು ಕಟ್ಟಿದವರು ಎಲ್ಲಿ ಕೈಯಿಡಬಾರದು ಎಂದು ಅರಿತೇ ಹತ್ತುತ್ತೇವೆ. ನನ್ನ ಹೆಂಡತಿ ಹತ್ತುವಾಗ ಅವಳ ದುಪಟ್ಟಾ ಸೀಟಿನ ಹಿಂದೆ, ಕೆನೊಪಿ ಹಿಂಜಿನ ಹತ್ತಿರ ಸಿಕ್ಕಿಕೊಂಡಿತು. ಟಾರ್ಚ್ ಬಿಟ್ಟು ನೋಡಿದರೆ ಒಂದು ಕಾಟರ್ ಪಿನ್ನಿನ ತುದಿ ಮಡಚದೆ ಉಳಿದಿತ್ತು. ಅವಳು ಇಳಿಯುವ ಮೊದಲೇ ಇಕ್ಕಳ ತಂದು ಅದನ್ನು ಮಡಚಿದೆ.