‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ

ಇಂಗ್ಲಿಷ್ ಮೇಲ್ ಬರೆಯುವಾಗ ನಮ್ಮ ಕನ್ನಡದ ವಾಕ್ಯರಚನೆ ಮೆಲ್ಲಗೆ ನುಸುಳುತ್ತದೆ. ‘ಬಜೆಟ್ ಬಗ್ಗೆ ಚರ್ಚಿಸೋಣ’ ಎನ್ನುವ ರೂಢಿಯಿಂದಲೇ ‘ಡಿಸ್ಕಸ್ ಅಬೌಟ್ ದ ಬಜೆಟ್’ ಹುಟ್ಟುವುದು. ‘ಡಿಸ್ಕಸ್’ಗೆ ನೇರವಾಗಿ ಕರ್ಮಪದ ಬರಬೇಕು: ‘ಡಿಸ್ಕಸ್ ದ ಬಜೆಟ್’. ‘ರೀಚ್ ಟು ದ ಆಫೀಸ್’ ಕೂಡ ನಮ್ಮ ‘ಗೆ’ ಮಾಡುವ ಕಿತಾಪತಿ, ‘ಟು’ ತೆಗೆಯಿರಿ.

ದಾರಿ ತಪ್ಪಿಸುವುದು ನಾಮಪದ. ‘ಮೈ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ಐ ರಿಕ್ವೆಸ್ಟ್ ಫಾರ್ ಲೀವ್’ ತಪ್ಪು. ಪದದ ಹಿಂದೆ ‘ಎ’, ‘ದ’, ‘ಮೈ’ ಕೂರುತ್ತದೆಯೇ ನೋಡಿ. ಕೂತರೆ ಅದು ನಾಮಪದ, ‘ಫಾರ್’ ಇರಲಿ. ಇಲ್ಲದಿದ್ದರೆ ‘ಐ ರಿಕ್ವೆಸ್ಟ್ ಲೀವ್’ ಅಷ್ಟೇ. ‘ಆರ್ಡರ್’, ‘ಡಿಮ್ಯಾಂಡ್’ಗೂ ಇದೇ ಲೆಕ್ಕ.

‘ಮ್ಯಾರೀಡ್ ವಿತ್’ ಬದಲು ‘ಮ್ಯಾರೀಡ್ ಟು’ ಎನ್ನುವುದಕ್ಕೆ ಮಾತ್ರ ಸೂತ್ರ ಹುಡುಕಬೇಡಿ, ಬಾಯಿಪಾಠವೇ ಗತಿ. ಅನುಮಾನ ಬಂದಾಗ ನಿಘಂಟಿನಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯ ನೋಡಿ.