ಗ್ರೂಪಿನಲ್ಲಿ ಯಾರಾದರೂ ಕಾಟ ಕೊಟ್ಟರೆ

ಚಿಕ್ಕಮಗಳೂರಿನಲ್ಲಿ ನಾವೊಂದಷ್ಟು ಜನ ಸುಮ್ನೆ ಆಸಕ್ತಿಗೆ ನಡೆಸುವ ಚಾರಣದ ವಾಟ್ಸಾಪ್ ಗ್ರೂಪ್ ಇದೆ. ಮುಳ್ಳಯ್ಯನಗಿರಿಗೆ ಬಂದಿದ್ದ ಹುಡುಗಿಯೊಬ್ಬಳಿಗೆ ಅದೇ ರಾತ್ರಿ ಗ್ರೂಪಿನವನೊಬ್ಬನಿಂದ "ಡಿಪಿ ಚೆನ್ನಾಗಿದೆ, ಒಬ್ಬರೇನಾ?" ಅಂತ ಮೆಸೇಜ್ ಶುರುವಾಯಿತು. "ಬ್ಲಾಕ್ ಮಾಡಮ್ಮ" ಅಂದು ಸುಮ್ಮನಾದೆವು. ಅವನು ಇನ್ನೊಬ್ಬಳ ಹಿಂದೆ ಬಿದ್ದ.

ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಸಿ, ನಂಬರು, ತಾರೀಕು ಎರಡೂ ಕಾಣಬೇಕು, ಬರೀ ಹೆಸರಾದರೆ ಯಾವಾಗ ಬೇಕಾದರೂ ಬದಲಿಸಬಹುದು ಅಲ್ವಾ. ಇಬ್ಬರು ಅಡ್ಮಿನ್‌ಗಳು ಸೇರಿ ತೀರ್ಮಾನಿಸಿ; ಅವನ ಗೆಳೆಯ ಅಡ್ಮಿನ್ ಆಗಿದ್ದರೆ ಹೊರಗಿರಲಿ. ಕೂರಿಸಿ ರಾಜಿ ಮಾಡಿಸಬೇಡಿ, ಇದು ಗದ್ದೆ ಬದುವಿನ ಜಗಳವಲ್ಲ. ಗ್ರೂಪಿನಿಂದ ತೆಗೆದರೂ ಎಲ್ಲರ ನಂಬರ್ ಅವನ ಹತ್ತಿರ ಇರಬಹುದು, ಹಾಗಾಗಿ ಉಳಿದವರಿಗೂ ತಿಳಿಸಿ, ಅವಳ ಹೆಸರು ಮಾತ್ರ ಬೇಡ. ಬೇಡ ಅಂದಮೇಲೂ ಗಂಡಸೊಬ್ಬ ಹೆಂಗಸಿನ ಬೆನ್ನುಬಿದ್ದು ಮೆಸೇಜ್ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ದೂರು ಕೊಡುವುದು ಬಿಡುವುದು ಅವಳಿಷ್ಟ. ಸ್ಟೇಷನ್‌ಗೆ ಜೊತೆಗೆ ಹೋಗಲು ಒಬ್ಬರು ರೆಡಿ ಇರಿ.