ಕಾರಿನ ಕಂಪನಿ ಅಲಾರಂಗೆ ಶಾಕ್ ಸೆನ್ಸರ್ ಸೇರಿಸೋದು ಹೇಗೆ, ಅದೂ ನಮ್ಮ ಕೊಡಗಿನ ಮಳೇಲಿ ಸುಮ್‌ಸುಮ್ನೆ ಬಡ್ಕೊಳ್ಳದ ಹಾಗೆ

ನಮ್ಮ ಚಿಕ್ಕಪ್ಪನ ಕಾರು ಮದುವೆ ಮಂಟಪದ ಹೊರಗೆ ನಿಂತಿದ್ದಾಗ ಯಾರೋ ಹಿಂದಿನ ಗ್ಲಾಸ್ ಒಡೆದು ಸೀಟ್ ಮೇಲಿದ್ದ ಬ್ಯಾಗ್ ಎತ್ಕೊಂಡು ಹೋದ್ರು. ಕಾರು ಲಾಕ್ ಆಗಿತ್ತು, ಅಲಾರಂ ಆನ್ ಇತ್ತು, ಆದ್ರೂ ಹಾರ್ನ್ ಒಂದ್ಸಲಾನೂ ಹೊಡ್ಕೊಳ್ಳಲಿಲ್ಲ. ಚಿಕ್ಕಪ್ಪ ಅಲಾರಂ ಕೆಟ್ಟೋಗಿದೆ ಅಂದ್ಕೊಂಡ್ರು, ಆದ್ರೆ ಅದು ಕೆಟ್ಟಿರ್ಲಿಲ್ಲ. ನಮ್ಮಲ್ಲಿ ಓಡೋ ಬಹಳಷ್ಟು ಕಾರುಗಳ ಕಂಪನಿ ಅಲಾರಂ (ಕಾರಿನ ಜೊತೆಗೇ ಬಂದಿರೋದು) ನೋಡೋದು ಡೋರ್, ಡಿಕ್ಕಿ, ಬಾನೆಟ್ ತೆಗೆದ್ರಾ ಅಂತ ಅಷ್ಟೇ, ಗ್ಲಾಸ್ ಒಡೆದು ಕೈ ಹಾಕಿ ಬ್ಯಾಗ್ ಎಳ್ಕೊಂಡ್ರೆ ಡೋರ್ ತೆಗೆದಿರೋದೇ ಇಲ್ವಲ್ಲ. ಕಾರಿಗೆ ಪೆಟ್ಟು ಬಿದ್ರೆ ಗೊತ್ತು ಮಾಡೋ ಶಾಕ್ ಸೆನ್ಸರ್ ಸೇರಿಸಿದ್ರೆ ಅದಕ್ಕೂ ಅಲಾರಂ ಕೂಗತ್ತೆ. ಅಬ್ಬಿ ಫಾಲ್ಸ್, ತಲಕಾವೇರಿ ಕಡೆ ಬರೋರೆಲ್ಲ ಲಗೇಜ್ ಕಾರಲ್ಲೇ ಬಿಟ್ಟು ಇಳೀತಾರೆ, ಅವ್ರಿಗೂ ಇದು ಗೊತ್ತಿರ್ಬೇಕು.

ಮೊದ್ಲು ನಿಮ್ಮ ಕಾರಿಂದು ಏನು ಕಥೆ ಅಂತ ನೋಡ್ಕೊಳ್ಳಿ. ಡ್ರೈವರ್ ಕಡೆ ಗ್ಲಾಸ್ ಇಳಿಸಿ, ಹೊರಗೆ ನಿಂತು ರಿಮೋಟಲ್ಲಿ ಲಾಕ್ ಮಾಡಿ, ಒಂದು ನಿಮಿಷ ಕಾಯಿರಿ, ಯಾಕಂದ್ರೆ ಕೆಲವು ಕಾರಲ್ಲಿ ಅಲಾರಂ ಪೂರ್ತಿ ಆನ್ ಆಗೋಕೆ 20-30 ಸೆಕೆಂಡ್ ಬೇಕು. ಈಗ ಬೇರೆ ಗ್ಲಾಸ್ ಮೇಲೆ ಅಂಗೈಯಲ್ಲಿ ಜೋರಾಗಿ ತಟ್ಟಿ. ಏನೂ ಆಗ್ಲಿಲ್ಲ ಅಂದ್ರೆ ಶಾಕ್ ಸೆನ್ಸರ್ ಇಲ್ಲ ಅಂತ. ಆಮೇಲೆ ಕಿಟಕಿಯಿಂದ ಕೈ ಹಾಕಿ ಬಾನೆಟ್ ಲಿವರ್ ಎಳೆದು ಬಾನೆಟ್ ಎತ್ತಿ. ಹಾರ್ನ್ ಹೊಡೀತು ಅಂದ್ರೆ ಬಾನೆಟ್ ಸ್ವಿಚ್ ಇದೆ, ಅದು ಅಲಾರಂಗೆ ಕನೆಕ್ಟ್ ಆಗಿದೆ, ನಮ್ಮ ಅರ್ಧ ಕೆಲಸ ಮುಗೀತು. ಬೇಸ್ ಮಾಡೆಲ್‌ಗಳಲ್ಲಿ ಕೆಲವದ್ರಲ್ಲಿ ಈ ಸ್ವಿಚ್ಚೇ ಇರಲ್ಲ, ಆಗ ಡಿಕ್ಕಿ ಸ್ವಿಚ್ಚಿನ ವೈರ್ ಬಳಸ್ಬೇಕಾಗತ್ತೆ. ಡೋರ್ ವೈರಿಗೆ ಕೊಟ್ರೂ ನಡಿಯತ್ತೆ, ಆದ್ರೆ ನೀವು ಒಳಗೆ ಕೂತಿದ್ದಾಗ ಯಾರಾದ್ರೂ ಕಾರಿಗೆ ತಟ್ಟಿದ್ರೆ ರೂಫ್ ಲೈಟ್ ಮಿನುಗ್ತಾ ಇರತ್ತೆ, ನಂಗೆ ಅದು ಇಷ್ಟ ಇಲ್ಲ.

ಐಡಿಯಾ ತುಂಬ ಸಿಂಪಲ್. ಸೆನ್ಸರ್‌ಗೆ ಪೆಟ್ಟು ಗೊತ್ತಾದ ತಕ್ಷಣ ಅದು ಬಾನೆಟ್ ಸ್ವಿಚ್ಚಿನ ವೈರನ್ನ ಒಂದ್ ಕ್ಷಣ ಅರ್ಥಿಗೆ, ಅಂದ್ರೆ ಕಾರಿನ ಲೋಹದ ಮೈಗೆ, ಮುಟ್ಟಿಸತ್ತೆ, ಕಂಪನಿ ಅಲಾರಂ ಯಾರೋ ಬಾನೆಟ್ ತೆಗೆದ್ರು ಅಂದ್ಕೊಂಡು ಕೂಗತ್ತೆ. ಬೇರೆ ಸೈರನ್ ಬೇಡ, ಬೇರೆ ರಿಮೋಟ್ ಬೇಡ.

ಬೇಕಾಗಿರೋದು ಎರಡು ಸ್ಟೇಜಿನ (ಸಣ್ಣ ಪೆಟ್ಟು, ದೊಡ್ಡ ಪೆಟ್ಟು ಬೇರೆ ಬೇರೆ ಗುರುತಿಸೋ) ಶಾಕ್ ಸೆನ್ಸರ್, ಕರೆಂಟನ್ನ ಒಂದೇ ದಿಕ್ಕಲ್ಲಿ ಬಿಡೋ ಒಂದು 1ಎನ್4007 ಡಯೋಡ್, 5 ಪಿನ್ನಿನ 12 ವೋಲ್ಟ್ ರಿಲೇ (ಕರೆಂಟಿಂದ ಬದಲಾಗೋ ಸ್ವಿಚ್), 1 ಆಂಪ್ ಫ್ಯೂಸ್ ಹೋಲ್ಡರ್ ಸಮೇತ, ಮತ್ತೆ ಮಲ್ಟಿಮೀಟರ್. ಟೆಸ್ಟರ್ ಬಲ್ಬ್ ಹಿಡ್ಕೊಂಡು ಈಗಿನ ಕಾರುಗಳ ವೈರ್ ಚುಚ್ಚೋಕೆ ಹೋಗ್ಬೇಡಿ, ಬಲ್ಬ್ ಎಳೆಯೋ ಕರೆಂಟಿಗೆ ಒಳಗಿನ ಕಂಟ್ರೋಲ್ ಯೂನಿಟ್ ಹೋದ್ರೆ ಸಾವಿರಗಟ್ಲೆ ದುಡ್ಡು ಹೋಗತ್ತೆ. ಹಳದಿ ಕನೆಕ್ಟರ್ ಇರೋ ವೈರ್‌ಗಳು ಏರ್‌ಬ್ಯಾಗಿಂದು, ಅವನ್ನ ಮುಟ್ಲೇಬೇಡಿ. ಗಾಡಿ ವಾರಂಟಿಯಲ್ಲಿದ್ರೆ ಸರ್ವಿಸ್ ಸೆಂಟರ್‌ನಲ್ಲಿ ಮೊದ್ಲೇ ಕೇಳ್ಕೊಳ್ಳಿ, ಹೊರಗಿನ ವೈರಿಂಗ್ ನೋಡಿ ಎಲೆಕ್ಟ್ರಿಕಲ್ ವಾರಂಟಿ ಕೊಡಲ್ಲ ಅನ್ನಬಹುದು.

ಕೀ ಆನ್ ಮಾಡಿ ಬಾನೆಟ್ ಸ್ವಿಚ್ಚಿನ ವೈರ್ ಮೇಲೆ ವೋಲ್ಟೇಜ್ ನೋಡಿ. ಬಾನೆಟ್ ಮುಚ್ಚಿದಾಗ 5 ಅಥವಾ 12 ವೋಲ್ಟ್ ಹತ್ರ ತೋರ್ಸಿ, ತೆಗೆದಾಗ ಸೊನ್ನೆಗೆ ಬಂದ್ರೆ ಸರಿ, ಕೆಳಗೆ ಹೇಳಿರೋ ಹಾಗೆ ಮಾಡ್ಬಹುದು. ಉಲ್ಟಾ ಇದ್ರೆ, ಅಂದ್ರೆ ಮುಚ್ಚಿದಾಗ ಸೊನ್ನೆ, ತೆಗೆದಾಗ ವೋಲ್ಟೇಜ್, ಆಗ ಅರ್ಥ್ ಕೊಟ್ರೆ ಪ್ರಯೋಜನ ಇಲ್ಲ, ಆ ವೈರನ್ನೇ ಒಂದ್ ಕ್ಷಣ ಕಟ್ ಮಾಡೋಕೆ ಇನ್ನೊಂದು ರಿಲೇ ಬೇಕು. ಅನುಭವ ಇಲ್ಲದಿದ್ರೆ ಅದನ್ನ ಆಟೋ ಎಲೆಕ್ಟ್ರಿಷಿಯನ್ ಹತ್ರನೇ ಮಾಡ್ಸಿ. ಸೊನ್ನೆನೂ ಅಲ್ಲ ಪೂರ್ತಿನೂ ಅಲ್ಲ, ಮಧ್ಯದಲ್ಲೆಲ್ಲೋ ನಿಲ್ಲತ್ತೆ ಅಂದ್ರೆ ಸ್ವಿಚ್ ಒಳಗೆ ರೆಸಿಸ್ಟರ್ ಇರಬಹುದು, ಅಂಥದ್ದಕ್ಕೆ ಕೈ ಹಾಕ್ಬೇಡಿ.

ಅಳತೆ ಎಲ್ಲ ಆದ್ಮೇಲೆ ಬ್ಯಾಟರಿ ನೆಗೆಟಿವ್ ತೆಗೀರಿ. ಕೀ ಜೇಬಲ್ಲೇ ಇರ್ಲಿ, ಕಿಟಕಿ ಇಳಿಸಿರ್ಲಿ, ವಾಪಸ್ ಹಾಕುವಾಗ ಅಲಾರಂ ಹೊಡ್ಕೊಂಡು ಡೋರ್ ಲಾಕ್ ಆದ್ರೂ ಪರದಾಡೋದು ಬೇಡ.

ಈಗ ರಿಲೇ. ಇದನ್ನ ಬಹಳ ಜನ ಬಿಟ್ಬಿಡ್ತಾರೆ, ಆಮೇಲೆ ಸೋಮವಾರಪೇಟೆ ರಸ್ತೆ ಗುಂಡಿಗೆ ಕಾರು ಇಳಿದಾಗೆಲ್ಲ ಡ್ಯಾಶ್‌ಬೋರ್ಡಲ್ಲಿ ಬಾನೆಟ್ ಓಪನ್ ಅಂತ ತೋರ್ಸತ್ತೆ ಅಂತ ಕೇಳ್ತಾರೆ. ಗಾಡಿ ಓಡುವಾಗ ಸೆನ್ಸರ್‌ಗೆ ಕರೆಂಟೇ ಹೋಗ್ಬಾರ್ದು. ಅದಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರೋ ಪಾಸಿಟಿವ್ ರಿಲೇ ಮೇಲೆ 30 ಅಂತ ಬರೆದಿರೋ ಪಿನ್ನಿಗೆ, ಹಾಗೇ 87ಎ ಇಂದ ಸೆನ್ಸರ್‌ನ ಕೆಂಪು ವೈರಿಗೆ, ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರೋ ವೈರ್ 86ಕ್ಕೆ, 85 ಬಾಡಿ ಅರ್ಥಿಗೆ. 87 ಖಾಲಿ. ಕೀ ತೆಗೆದ್ರೆ ಸೆನ್ಸರ್ ಎಚ್ಚರ, ಕೀ ಹಾಕಿದ್ರೆ ನಿದ್ದೆ. ಕಾರು ನಿಂತಿದ್ದಾಗ ರಿಲೇ ಕಾಯಿಲ್ ಕರೆಂಟ್ ಎಳೆಯಲ್ಲ, ಸೆನ್ಸರ್ ಒಂದೇ ಎಳೆಯೋದು. ಅದು 5 ಮಿಲಿಆಂಪ್ ಅಂತ ಇಟ್ಕೊಂಡ್ರೂ 30 ದಿನಕ್ಕೆ 3.6 ಆಂಪ್-ಅವರ್ ಆಯ್ತು, ಒಳ್ಳೆ ಬ್ಯಾಟರಿಗೆ ತೊಂದ್ರೆ ಇಲ್ಲ. ಆದ್ರೆ ಬ್ಯಾಟರಿ ಹಳೇದಾಗಿದ್ದು, ಮಳೆ ಜೋರಿರೋ ಆಟಿ ತಿಂಗಳಲ್ಲಿ ಕಾರು ವಾರಗಟ್ಲೆ ಶೆಡ್ಡಲ್ಲೇ ನಿಲ್ಲೋದಾದ್ರೆ ಮಧ್ಯೆ ಮಧ್ಯೆ ಒಂದ್ ರೌಂಡ್ ಓಡಿಸಿ.

ಸೆನ್ಸರ್‌ನ ಕಪ್ಪು ವೈರ್ ಅರ್ಥಿಗೆ. ಉಳಿದಿದ್ದು ಎರಡು ಔಟ್‌ಪುಟ್, ಒಂದು ಸಣ್ಣ ಪೆಟ್ಟು ಬಿದ್ದಾಗ, ಇನ್ನೊಂದು ದೊಡ್ಡ ಪೆಟ್ಟು ಬಿದ್ದಾಗ ಕೆಲಸ ಮಾಡತ್ತೆ, ಬ್ರ್ಯಾಂಡ್ ಬದಲಾದ್ರೆ ವೈರ್ ಬಣ್ಣನೂ ಬದಲಾಗತ್ತೆ, ಆದ್ರಿಂದ ಜೊತೆಗೆ ಬಂದ ಚೀಟಿ ನೋಡಿ. ಸಣ್ಣ ಪೆಟ್ಟಿಂದು ನಮಗೆ ಬೇಡ, ತುದಿಗೆ ಟೇಪ್ ಸುತ್ತಿ ಬಿಟ್ಬಿಡಿ. ದೊಡ್ಡ ಪೆಟ್ಟಿನ ವೈರ್ ಡಯೋಡ್ ಮೂಲಕ ಬಾನೆಟ್ ವೈರಿಗೆ ಹೋಗ್ಬೇಕು, ಡಯೋಡಿನ ಬಿಳಿ ಗೆರೆ ಇರೋ ತುದಿ ಸೆನ್ಸರ್ ಕಡೆಗೆ. ಉಲ್ಟಾ ಹಾಕಿದ್ರೆ ಏನೂ ಕೆಲಸ ಮಾಡಲ್ಲ. ಬಾನೆಟ್ ವೈರ್ ಕತ್ತರಿಸ್ಬೇಡಿ, ಸ್ವಲ್ಪ ಪ್ಲಾಸ್ಟಿಕ್ ಸುಲಿದು ಸುತ್ತಿ ಸೋಲ್ಡರ್ ಮಾಡಿ. ನಮ್ಮೂರ ತೇವಕ್ಕೆ ಬರೀ ಕೈಯಲ್ಲಿ ತಿರುಚಿ ಟೇಪ್ ಹಾಕಿದ ಜಾಯಿಂಟ್ ಒಂದೇ ಮಳೆಗಾಲದಲ್ಲಿ ಹಸಿರುಗಟ್ಟತ್ತೆ. ಅದಕ್ಕೆ ಜಾಯಿಂಟ್ ಎಲ್ಲ ಡ್ಯಾಶ್‌ಬೋರ್ಡ್ ಒಳಗಡೆನೇ ಬರೋ ಹಾಗೆ ನೋಡ್ಕೊಳ್ಳಿ, ಬಾನೆಟ್ ಒಳಗೆ ಬೇಡ, ಅಲ್ಲಿ ಇಲಿ ಕಾಟ ಬೇರೆ.

ಸೆನ್ಸರ್ ಕೂರ್ಸೋ ಜಾಗ ಸ್ಟೀರಿಂಗ್ ಕೆಳಗಿನ ಕಬ್ಬಿಣದ ಪಟ್ಟಿ. ಸ್ಕ್ರೂ ಅಥವಾ ಕೇಬಲ್ ಟೈ ಹಾಕಿ ಬಿಗಿಯಾಗಿ ಕಟ್ಟಿ. ಫೋಮ್ ಟೇಪಲ್ಲಿ ಅಂಟಿಸಿದ್ರೆ ಪೆಟ್ಟೆಲ್ಲ ಫೋಮೇ ನುಂಗ್ಬಿಡತ್ತೆ.

ಇನ್ನು ಅಡ್ಜಸ್ಟ್‌ಮೆಂಟ್, ಇದಕ್ಕೆ ಒಂದು ಸಂಜೆ ಪೂರ್ತಿ ಇಟ್ಕೊಳ್ಳಿ, ಅವಸರ ಮಾಡಿದ್ರೆ ಆಮೇಲೆ ಅಕ್ಕಪಕ್ಕದವ್ರಿಗೆಲ್ಲ ತೊಂದ್ರೆ. ಸೆನ್ಸರ್ ಮೇಲಿರೋ ಅಡ್ಜಸ್ಟ್‌ಮೆಂಟ್ ಸ್ಕ್ರೂ ಪೂರ್ತಿ ಕಮ್ಮಿಗೆ ತಿರುಗ್ಸಿ, ಲಾಕ್ ಮಾಡಿ, ಒಂದು ನಿಮಿಷ ಬಿಟ್ಟು ಮುಷ್ಟಿಯ ಪಕ್ಕದಲ್ಲಿ ಗ್ಲಾಸಿಗೆ ತಟ್ಟಿ. ಕೂಗ್ಲಿಲ್ಲ ಅಂದ್ರೆ ಕೂದಲೆಳೆಯಷ್ಟು ಹೆಚ್ಚಿಸಿ ಮತ್ತೆ ಮಾಡಿ. ಸೆನ್ಸರ್ ಮೇಲಿನ ಎಲ್‌ಇಡಿ ಹತ್ತತ್ತೆ ಆದ್ರೆ ಹಾರ್ನ್ ಬರಲ್ಲ ಅಂದ್ರೆ ಡಯೋಡ್ ದಿಕ್ಕು ನೋಡಿ, ಅದು ಸರಿ ಇದ್ರೆ ಸೆನ್ಸರ್ ಕೊಡೋ ಪಲ್ಸ್ ಅಲಾರಂಗೆ ಸಾಕಾಗದಷ್ಟು ಚಿಕ್ಕದಿರಬಹುದು, ಆಗ ಮಧ್ಯೆ ಟೈಮರ್ ರಿಲೇ ಹಾಕ್ಬೇಕು. ನಾಲ್ಕೂ ಕಡೆ ಗ್ಲಾಸ್ ನೋಡಿ, ಹಿಂದಿನ ಗ್ಲಾಸಿಗೆ ಯಾವಾಗ್ಲೂ ಸ್ವಲ್ಪ ಮಂದ ಇರತ್ತೆ.

ಬಿಸಿಲಲ್ಲಿ ಸರಿ ಅನ್ಸಿದ ಸೆಟ್ಟಿಂಗ್ ಜುಲೈ ಮಳೇಲಿ ಸರಿ ಇರಲ್ಲ. ಸಿಲ್ವರ್ ಓಕ್ ಕೆಳಗೆ ಕಾರು ನಿಲ್ಸೋರಾದ್ರೆ ಎಲೆಯಿಂದ ದಪ್ಪ ಹನಿ ರೂಫ್ ಮೇಲೆ ಬೀಳೋ ಸದ್ದಿಗೂ ಕೆಲವು ಸೆನ್ಸರ್ ಎದ್ದುಬಿಡತ್ತೆ, ಹಾಗಾಗಿ ಪೈಪಲ್ಲಿ ರೂಫ್ ಮೇಲೆ ಹತ್ತು ನಿಮಿಷ ನೀರು ಬಿಟ್ಟು ನೋಡಿ, ಕೂಗಿದ್ರೆ ಸ್ಕ್ರೂ ಸ್ವಲ್ಪ ಹಿಂದಕ್ಕೆ. ಹಲಸಿನ ಮರದ ಕೆಳಗೆ ನಿಲ್ಸಿದ್ರೆ ಯಾವ ಸೆಟ್ಟಿಂಗೂ ಉಳಿಸಲ್ಲ, ಕಾರನ್ನೇ ಬೇರೆ ಕಡೆ ನಿಲ್ಸಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ದಿನ ಕದಿರು ತೆಗೆಯುವಾಗ ಗುಂಡು ಹೊಡೀತಾರಲ್ಲ, ಕಾರು ಗದ್ದೆ ಪಕ್ಕದಲ್ಲಿದ್ರೆ ಅದಕ್ಕೂ ಕೂಗಬಹುದು. ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆಯ ರಾತ್ರಿ ಸೌಂಡ್ ಸಿಸ್ಟಮ್ಮಿನ ಬೇಸ್ ಸದ್ದಿಗೆ ಅಂಗಡಿ ಶಟರೇ ನಡುಗತ್ತೆ, ಆ ಒಂದು ರಾತ್ರಿ ಪೇಟೆ ಒಳಗೆ ಪಾರ್ಕ್ ಮಾಡೋದಾದ್ರೆ ಈ ಸೆನ್ಸರ್‌ನ ಫ್ಯೂಸ್ ತೆಗೆದು ಡ್ಯಾಶ್‌ಬೋರ್ಡ್ ಡ್ರಾಯರಲ್ಲಿ ಇಟ್ಬಿಡಿ, ಡೋರ್ ಮತ್ತೆ ಬಾನೆಟ್ ಅಲಾರಂ ಎಂದಿನ ಹಾಗೇ ಕೆಲಸ ಮಾಡತ್ತೆ, ಬೆಳಿಗ್ಗೆ ಮರೀದೆ ವಾಪಸ್ ಹಾಕಿ.